ಹೆಬ್ಬೆರಳಿಗೆ ಮೊದಲು ಕೆಲಸ ಕೊಡಿ

ಒಂದೇ ಗಿಟಾರ್‌ನಲ್ಲಿ ಬೇಸ್ (ತಗ್ಗು ಸ್ವರ), ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು), ಹಾಡಿನ ಧಾಟಿ ಮೂರೂ ಒಟ್ಟಿಗೆ ಕೇಳಿಸುತ್ತೆ. ಹಾಡುವವರೂ ಬೇಡ, ಬ್ಯಾಂಡೂ ಬೇಡ. ಫಿಂಗರ್‌ಸ್ಟೈಲ್, ಅಂದರೆ ಬೆರಳುಗಳಿಂದಲೇ ತಂತಿ ಮೀಟೋ ಶೈಲಿ, ಸೆಳೆಯೋದೇ ಇದಕ್ಕೆ. ಅದರ ಗುಟ್ಟು ಮಾತ್ರ ಹೆಬ್ಬೆರಳಲ್ಲಿದೆ.

6, 5, 4ನೇ ತಂತಿ ಹೆಬ್ಬೆರಳಿಗೆ (6 ಎಲ್ಲಕ್ಕಿಂತ ದಪ್ಪ, 1 ಎಲ್ಲಕ್ಕಿಂತ ತೆಳು). 3 ತೋರುಬೆರಳಿಗೆ, 2 ನಡುಬೆರಳಿಗೆ, 1 ಉಂಗುರಬೆರಳಿಗೆ. ಸಿ ಕಾರ್ಡ್ ಹಿಡಿದು, ಹೆಬ್ಬೆರಳೊಂದರಲ್ಲೇ 5, 4, 5, 4 ಅಂತ ಮೀಟ್ತಾ ಹೋಗಿ. ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ಕೊಡೋ ಸಾಧನ) ನಿಮಿಷಕ್ಕೆ 60 ಬೀಟ್‌ಗಿರಲಿ. ಯಾರ ಜೊತೆಗಾದರೂ ಮಾತಾಡ್ತಾ ಇದ್ದರೂ ಆ ನಡೆ ತಪ್ಪಬಾರದು. ಅಲ್ಲಿವರೆಗೂ ಮಿಕ್ಕ ಬೆರಳು ಸುಮ್ಮನಿರಲಿ. ಆಮೇಲೆ ಮೊದಲ ಬೀಟ್‌ಗೆ 2ನೇ ತಂತಿಯನ್ನು ಹೆಬ್ಬೆರಳಿನ ಜೊತೆಗೇ ಚಿವುಟಿ. ಅದು ಸಲೀಸಾದ ಮೇಲೆ ಅದೇ ಸ್ವರವನ್ನು ಎರಡು ಬೀಟ್‌ಗಳ ನಡುವೆ ಹಾಕಿ ನೋಡಿ. ಬಹಳ ಜನ ಎಡವೋದು ಇಲ್ಲೇ: ಬೆರಳು ಮೀಟಿದ ಕೂಡಲೇ ಹೆಬ್ಬೆರಳೂ ಅದರ ಹಿಂದೆ ಓಡುತ್ತೆ.

ತಂತಿ ಫ್ರೆಟ್‌ಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗೆ) ಬಡಿದು ಟಪ್ ಅಂದರೆ ತಕ್ಷಣ ಗಿಟಾರನ್ನು ದೂರಬೇಡಿ. ಹೆಚ್ಚಾಗಿ ತಂತಿಯನ್ನು ಹೊರಕ್ಕೆ ಎಳೆದಿರ್ತೀರಿ. ಬೆರಳನ್ನು ಅಂಗೈ ಕಡೆಗೆ ಮಡಿಸ್ತಾ ಮೀಟಬೇಕು. ಹೆಬ್ಬೆರಳು ತೋರುಬೆರಳಿಗೆ ತಾಗ್ತಿದ್ದರೆ ಅದನ್ನು ಗಿಟಾರಿನ ನೆಕ್ ಕಡೆಗೆ ಒಂದಿಷ್ಟು ಚಾಚಿ. ಉಗುರು 1–2 ಮಿಲಿಮೀಟರ್ ಹೊರಗಿದ್ದರೆ ಸಾಕು, ಅಂಚು ನುಣ್ಣಗಿರಲಿ. (ಸ್ಟೀಲ್ ತಂತಿಯ ಮುಂದೆ ಉದ್ದ ಉಗುರಿನ ಆಟ ಬಹಳ ದಿನ ನಡೆಯಲ್ಲ.)

ದಿನಕ್ಕೆ 15 ನಿಮಿಷ, ನಿಧಾನವಾಗಿ. ಸದ್ದು ಮೆತ್ತಗೆ, ರಾತ್ರಿ ಹನ್ನೊಂದಕ್ಕೆ ನುಡಿಸಿದರೂ ಮನೆಯವರು ಬೈಯೋದು ಕಡಿಮೆ. ಅದೂ ಒಂದು ಲಾಭವೇ.