ಶಲ್ಯನ ಜೊತೆ 40 ನಿಮಿಷ

12 ಜನವರಿ 2025, ಭಾನುವಾರ ರಾತ್ರಿ

ಒಂದೇ ಮ್ಯಾಚ್ ಅಂತ ಕೂತವನು ಮೂರು ಸೋತು ಎದ್ದೆ. ಕೊನೆಯದರಲ್ಲಿ ನಮ್ಮ ಕಡೆಯವನೇ ಒಬ್ಬ ಮೊದಲ ನಿಮಿಷದಿಂದ ಮೈಕಿನಲ್ಲಿ ಬೈಯುತ್ತಲೇ ಇದ್ದ. ನಾನು ಆಡುತ್ತಿದ್ದದ್ದು ಡೋಟಾ 2 ಅನ್ನುವ, ಐದೈದು ಜನರ ಎರಡು ತಂಡ ಕಾದಾಡುವ ಆನ್‌ಲೈನ್ ಆಟದ ಕ್ರಿಸ್ಟಲ್ ಮೇಡನ್ ಪಾತ್ರ. ಆಡಿದವರಿಗೆ ಗೊತ್ತು, ನಿಧಾನಕ್ಕೆ ನಡೆಯುವ, ಮುಟ್ಟಿದರೆ ಸಾಯುವ ಸಪೋರ್ಟ್, ಅಂದರೆ ತಂಡದವರಿಗೆ ನೆರವಾಗುವವಳು. ಎದುರಾಳಿಯ ಓಡಾಟ ಕಾಣಲು ವಾರ್ಡ್ ಇಡೋದು, ಇನ್ನೊಬ್ಬರನ್ನು ಉಳಿಸೋದು, ಬೈಸಿಕೊಳ್ಳೋದು, ಅಷ್ಟೇ ಅವಳ ಪಾಡು. ಹತ್ತು ನಿಮಿಷ ಆಗುವಷ್ಟರಲ್ಲಿ ಕೈ ನಡುಗತೊಡಗಿತು. ಗೊತ್ತಿರುವುದೇ ತಪ್ಪುತ್ತಿತ್ತು.

ಆಗ ನೆನಪಾದವನು ಶಲ್ಯ. ಕೂತದ್ದು ಕರ್ಣನ ರಥದಲ್ಲಿ, ಮಾತು ಕೊಟ್ಟದ್ದು ಧರ್ಮರಾಯನಿಗೆ, ಕರ್ಣನ ತೇಜೋವಧೆ ಮಾಡುತ್ತೇನೆಂದು. ಲಗಾಮು ಹಿಡಿದುಕೊಂಡೇ ಹಂಸ ಮತ್ತು ಕಾಗೆಯ ಕಥೆ ತೆಗೆದ. ಅರ್ಜುನ ಹಂಸವಂತೆ, ಕರ್ಣ ಎಂಜಲು ತಿಂದು ಕೊಬ್ಬಿದ ಕಾಗೆಯಂತೆ. ತೇಜೋವಧೆ ಅನ್ನುವ ಪದವನ್ನು ರಾಜಕೀಯದ ಹೇಳಿಕೆಗಳಲ್ಲಿ ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ಅಲ್ಲಿ ಅದು ಬಾಣದಷ್ಟೇ ಗುರಿಯಿಟ್ಟು ಬಿಟ್ಟ ಆಯುಧ. ನಾವು ಕೇಳಿಕೊಂಡು ಬಂದ ಕಥೆಯಲ್ಲಂತೂ, ಸರ್ಪಾಸ್ತ್ರವನ್ನು ಇನ್ನೊಮ್ಮೆ ತೊಡಲು ಕರ್ಣ ಒಪ್ಪಲಿಲ್ಲವೆಂದು ಶಲ್ಯ ರಥ ಬಿಟ್ಟೇ ಇಳಿದುಹೋಗುತ್ತಾನೆ. ನಮ್ಮವನು ಇಳಿಯಲೂ ಇಲ್ಲ, 40 ನಿಮಿಷ ಪೂರ್ತಿ ಇದ್ದ!

ಪುರಾಣದಿಂದ ಈ ಆಟಗಳು ಎತ್ತಿಕೊಂಡದ್ದು ಕಡಿಮೆಯೇನಲ್ಲ. ಡೋಟಾದಲ್ಲಿ ಗ್ರೀಕರ ಜ್ಯೂಸ್ ಇದ್ದಾನೆ, ಒಮ್ಮೆ ಸಿಡಿಲು ಬಿಟ್ಟರೆ ಮ್ಯಾಪಿನ ಯಾವ ಮೂಲೆಯಲ್ಲಿದ್ದರೂ ಬಡಿಯುತ್ತದೆ. ಚೀನೀ ಪುರಾಣದ ವಾನರರಾಜ 2016ರ ಡಿಸೆಂಬರಿನಲ್ಲಿ ಬಂದ. 2014ರಲ್ಲಿ ಬಿಡುಗಡೆಯಾದ ಸ್ಮೈಟ್ ಅನ್ನುವ ಆಟವಂತೂ ದೇವತೆಗಳದ್ದೇ ಕಾಳಗ, ಕಾಳಿ, ಅಗ್ನಿ, ರಾಮ ಎಲ್ಲರೂ ಇದ್ದಾರೆ. ತಂದದ್ದೆಲ್ಲ ಆಯುಧ, ವೇಷ, ಆರ್ಭಟ. ಶಲ್ಯನನ್ನು ಯಾರೂ ಪಟ್ಟಿಗೆ ಸೇರಿಸಬೇಕಾಗಿಲ್ಲ, ಅವನು ತಾನೇ ಬಂದು ಕೂರುತ್ತಾನೆ.

ಕರ್ಣನನ್ನು ಹೀರೋ, ಅಂದರೆ ಆಟದಲ್ಲಿ ನಾವು ಆರಿಸಿಕೊಂಡು ಆಡುವ ಪಾತ್ರ, ಮಾಡಿದರೆ ಹೇಗಿರುತ್ತದೆ ಅಂತ ಲೆಕ್ಕ ಹಾಕುತ್ತ ಕೂತೆ. (ನಿದ್ದೆ ಬರದಿದ್ದರೆ ಹೀಗೇ.) ಕವಚ ಕುಂಡಲ ಹುಟ್ಟಿನಿಂದಲೇ ಬಂದ ಪ್ಯಾಸಿವ್, ತಾನಾಗಿಯೇ ಕೆಲಸ ಮಾಡುವ ಶಕ್ತಿ. ಇಂದ್ರ ಕೊಟ್ಟ ಶಕ್ತ್ಯಾಯುಧ ಅಲ್ಟಿಮೇಟ್, ಅಂದರೆ ಎಲ್ಲಕ್ಕಿಂತ ದೊಡ್ಡ ಅಸ್ತ್ರ, ಆದರೆ ಒಂದೇ ಸಲ. ಅದೂ ಅರ್ಜುನನಿಗೆಂದು ಇಟ್ಟುಕೊಂಡದ್ದು ಹದಿನಾಲ್ಕನೆಯ ರಾತ್ರಿ ಘಟೋತ್ಕಚನ ಮೇಲೆ ಖರ್ಚಾಗುತ್ತದೆ. ಪರಶುರಾಮನ ಶಾಪದಿಂದ ಬೇಕಾದ ಹೊತ್ತಿಗೆ ಬ್ರಹ್ಮಾಸ್ತ್ರದ ಮಂತ್ರವೇ ಮರೆಯುತ್ತದೆ. ಇಂಥ ಹೀರೋನನ್ನು ಯಾರು ಆರಿಸಿಕೊಳ್ಳುತ್ತಾರೆ?

ಆಟದಲ್ಲೂ ಹೀರೋಗಳ ಬಲ ಕುಗ್ಗಿಸುತ್ತಾರೆ, ನರ್ಫ್ ಅಂತೀವಲ್ಲ, ಅದು. ಯಾರೋ ಅತಿಯಾಗಿ ಗೆಲ್ಲುತ್ತಿದ್ದರೆ ಆಟದ ಮುಂದಿನ ಪ್ಯಾಚಿನಲ್ಲಿ (ಅಪ್‌ಡೇಟ್) ಒಂದಿಷ್ಟು ಡ್ಯಾಮೇಜ್ ಕಡಿತ. ಹೀರೋನನ್ನು ಕೇಳುವವರಿಲ್ಲ. ಕರ್ಣನಿಗಾದರೋ ಸೂರ್ಯನೇ ಕನಸಿನಲ್ಲಿ ಬಂದು, ಇಂದ್ರ ಬ್ರಾಹ್ಮಣನ ವೇಷದಲ್ಲಿ ಬರುತ್ತಾನೆ, ಕವಚ ಕುಂಡಲ ಕೊಡಬೇಡ ಎಂದಿದ್ದ. ಆದರೂ ಮೈಯಿಂದ ಕತ್ತರಿಸಿ ಕೊಟ್ಟ. ಗೆಲ್ಲುವ ಹೀರೋಗಳ ಸಾಲಿನಲ್ಲಿ ಇವನನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಗೆಳೆಯನಿಗೆ ಇದನ್ನೆಲ್ಲ ಬರೆದು ಕಳಿಸಿದೆ. "ಲೋ, ಅವನನ್ನ ಮ್ಯೂಟ್ ಮಾಡಿದ್ರೆ ಮುಗೀತಿತ್ತು" ಅಂದ.

ಮಾಡಬಹುದಿತ್ತು. ಆದರೆ ಕರ್ಣನೂ ಸುಮ್ಮನೆ ಕೇಳಿಸಿಕೊಂಡು ಕೂತವನಲ್ಲ, ಶಲ್ಯನ ಮದ್ರದೇಶವನ್ನೇ ಹಿಡಿದು ಜಾಲಾಡಿದ್ದ. ನಾನು ಸತ್ತದ್ದರಲ್ಲಿ ಎರಡು ಸಲವಂತೂ ಬೈಗುಳ ಟೈಪ್ ಮಾಡುತ್ತ ನಿಂತಿದ್ದಾಗ.