ಎಪಿಡಾರಸ್‌ಗೆ ನಾಟಕ ನೋಡಲು ಬರುವವರಿಗೆ

ಬೇಸಿಗೆಯಲ್ಲಿ ಗ್ರೀಸ್‌ಗೆ ಬರುವ ನಮ್ಮವರು ಆಕ್ರೊಪೊಲಿಸ್ ಹತ್ತಿಳಿದವರೇ ಸಂತೊರಿನಿಯ ಹಡಗು ಹಿಡಿಯುತ್ತಾರೆ. ನಾಟಕದ ರುಚಿ ಇರುವವರು ಜುಲೈ-ಆಗಸ್ಟ್‌ನ ಒಂದು ಶುಕ್ರವಾರವನ್ನೋ ಶನಿವಾರವನ್ನೋ ಎಪಿಡಾರಸ್‌ಗೆ ಮೀಸಲಿಡಿ. ಕ್ರಿ.ಪೂ. 4ನೇ ಶತಮಾನದ ಈ ಕಲ್ಲಿನ ಬಯಲು ರಂಗಮಂದಿರದಲ್ಲಿ ಪ್ರಾಚೀನ ಗ್ರೀಕ್ ನಾಟಕಕಾರರಾದ ಸೊಫೊಕ್ಲಿಸ್, ಯುರಿಪಿಡಿಸರ ನಾಟಕಗಳು ಇವತ್ತಿಗೂ ನಡೆಯುತ್ತವೆ.

ಮೊದಲು ಜಾಗ ಸರಿಯಾಗಿ ಗೊತ್ತುಮಾಡಿಕೊಳ್ಳಿ. ಮ್ಯಾಪಿನಲ್ಲಿ ಬರೀ ಊರ ಹೆಸರು ಹಾಕಿದರೆ ಕಡಲ ದಂಡೆಯ ಹಳೇ ಎಪಿಡಾರಸ್ ಸಿಕ್ಕೀತು. ಅಲ್ಲೂ ಒಂದು ಚಿಕ್ಕ ಪ್ರಾಚೀನ ರಂಗಮಂದಿರ ಇರುವುದರಿಂದ ದಾರಿ ತಪ್ಪಿದ್ದು ಬೇಗ ತಿಳಿಯುವುದಿಲ್ಲ. ದೊಡ್ಡದಿರುವುದು ಒಳನಾಡಿನ ಲಿಗುರಿಯೊ ಪಕ್ಕ, ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರದಲ್ಲಿ.

ಆಸನಗಳು ಒಟ್ಟು 55 ಸಾಲು: ಕೆಳಗೆ 34, ಮೇಲೆ 21. ಮೇಲಿನ ಟಿಕೆಟ್ ಅಗ್ಗ; ನನ್ನ ಪ್ರಕಾರ ನೋಟವೂ ಅಲ್ಲಿಂದಲೇ ಚೆಂದ. ನಟರ ಮುಖ ಕಾಣದಿರಬಹುದು, ಆದರೆ ಸುಮಾರು 20 ಮೀಟರ್ ಅಗಲದ ವೃತ್ತದಲ್ಲಿ ಮೇಳ (ಹಾಡಿ ಕುಣಿಯುವ ಗುಂಪು, ಕೋರಸ್) ಚದುರುವುದು, ಕೂಡುವುದು ಪೂರ್ತಿ ಕಾಣುತ್ತದೆ. ನಡುವೆ ಬೀಳಿಸಿದ ನಾಣ್ಯದ ಸದ್ದು ಕೊನೆಯ ಸಾಲಿಗೂ ಸ್ಪಷ್ಟ ಎನ್ನುವ ಗೈಡ್‌ಗಳ ಮಾತನ್ನು ಪೂರ್ತಿ ನಂಬಬೇಡಿ. ಡಚ್ ಸಂಶೋಧಕರು 2017ರಲ್ಲಿ ಅಳೆದು ನೋಡಿ, ಅದು ಉತ್ಪ್ರೇಕ್ಷೆ ಎಂದಿದ್ದಾರೆ. ಆಸನಕ್ಕೆ ಬೆನ್ನೊರಗಿಲ್ಲ; ದಿಂಬು, ತೆಳು ಸ್ವೆಟರ್ ಇರಲಿ. ಹೀಲ್ಸ್ ಚಪ್ಪಲಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ.

ಬೇಸರ ಬರುವುದು ಬಹುಪಾಲು ಬೇರೆ ಕಾರಣಕ್ಕೆ. ಕೊಲೆ, ಕಾದಾಟ ಕಣ್ಣೆದುರೇ ನಡೆಯುತ್ತವೆಂದು ಕಾದರೆ ಕಾಯುತ್ತಲೇ ಇರಬೇಕು. ಅವು ಅರಮನೆಯ ಬಾಗಿಲಾಚೆ ಆಗಿಹೋಗುತ್ತವೆ, ದೂತನೊಬ್ಬ ಬಂದು ಹೇಳುತ್ತಾನೆ. ಆ ಕಾಲದಲ್ಲಿ ಮಾತಾಡುವ ನಟರು ಮೂವರೇ, ಎಲ್ಲ ಪಾತ್ರಗಳೂ ಅವರವೇ. ಒಂದು ಪಾತ್ರ ತಟ್ಟನೆ ಒಳಹೋಯಿತೆಂದರೆ ಎಷ್ಟೋ ಸಲ ನಟ ಮುಖವಾಡ ಬದಲಿಸಬೇಕಿತ್ತು ಎಂದೇ ಅರ್ಥ. ಇಂದಿನ ತಂಡಗಳಿಗೆ ಆ ಕಟ್ಟಿಲ್ಲ, ಆದರೆ ನಾಟಕದ ಹೆಣಿಗೆ ಅದೇ. ಮೇಳದಲ್ಲಿ 12 ಜನರಿದ್ದರು, ಸೊಫೊಕ್ಲಿಸ್ 15ಕ್ಕೆ ಏರಿಸಿದ. ಕಥಾಸಾರವೊಂದನ್ನೇ ಓದಿ ಬರಬೇಡಿ. ಮೇಳದ ಹಾಡುಗಳನ್ನು ಅನುವಾದದಲ್ಲಿ ಓದಿಬನ್ನಿ. ಪ್ರಯೋಗ ಸಾಮಾನ್ಯವಾಗಿ ಈಗಿನ ಗ್ರೀಕ್ ಭಾಷೆಯಲ್ಲಿ. ಪರದೆಯ ಮೇಲೆ ಬರುವ ಇಂಗ್ಲಿಷ್ ಅನುವಾದದ ಸಾಲುಗಳನ್ನೇ ಓದುತ್ತ ಕೂತರೆ ರಂಗ ಕೈತಪ್ಪುತ್ತದೆ. ಕನ್ನಡದವರಿಗೆ ಅನುಕೂಲವಿದೆ: ಈಡಿಪಸ್, ಅಂತಿಗೊನೆ ಎರಡನ್ನೂ ಲಂಕೇಶರು ಕನ್ನಡಕ್ಕೆ ತಂದಿದ್ದಾರೆ. ಸೊಫೊಕ್ಲಿಸನ 'ಏಜಾಕ್ಸ್' ಇದ್ದರಂತೂ ಬಿಡಬೇಡಿ. ಅದರ ಚೌಕಟ್ಟಿನಲ್ಲೇ ಬಿ.ಎಂ.ಶ್ರೀ. 'ಅಶ್ವತ್ಥಾಮನ್' ಕಟ್ಟಿದ್ದು.

ಯುರೋಪು ಈ ಗ್ರೀಕ್ ರಂಗಕಲೆಯನ್ನು ಮತ್ತೆ ಹಿಡಿದದ್ದು ಇಟಲಿಯಲ್ಲಿ. ವಿಚೆಂಜಾದ ಒಲಿಂಪಿಕೊ ರಂಗಮಂದಿರ 1585ರಲ್ಲಿ ಈಡಿಪಸ್ ನಾಟಕದಿಂದಲೇ ತೆರೆಯಿತು. ಫ್ಲಾರೆನ್ಸಿನ ಕೆಲವು ವಿದ್ವಾಂಸರು ಗ್ರೀಕ್ ದುರಂತ ನಾಟಕಗಳನ್ನು ಮೊದಲಿಂದ ಕೊನೆವರೆಗೆ ಹಾಡುತ್ತಿದ್ದರೆಂದೇ ತಿಳಿದಿದ್ದರು. ನಿಜಕ್ಕೂ ಹಾಡುತ್ತಿದ್ದದ್ದು ಕೆಲವು ಭಾಗಗಳನ್ನು ಮಾತ್ರ. ಆ ತಪ್ಪು ತಿಳಿವಳಿಕೆಯಿಂದ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಹುಟ್ಟಿತು, ಲಾಭದ ತಪ್ಪು!

ನಾಟಕದ ದಿನ ಅಥೆನ್ಸಿನಿಂದ ವಿಶೇಷ ಬಸ್‌ಗಳಿವೆ, ಮುಗಿದ ಮೇಲೆ ಅವೇ ವಾಪಸ್. ಅಥೆನ್ಸ್ ಸೇರುವಾಗ ನಡುರಾತ್ರಿ ದಾಟಿರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಹತ್ತಿರದ ನಾಫ್ಲಿಯೊದಲ್ಲಿ ಮೊದಲೇ ರೂಮ್ ಮಾಡಿಕೊಳ್ಳಿ.