ಕಟ್ಟದ ಕೋಣೆ

ನಿನ್ನೆ ರಾತ್ರಿ ಅರ್ಥಶಾಸ್ತ್ರಜ್ಞ ರಾಬರ್ಟ್ ಎಂಗಲ್ 1982ರಲ್ಲಿ ಬರೆದ ಪ್ರಬಂಧವನ್ನು ಮತ್ತೆ ಬಿಡಿಸಿಕೊಂಡು ಕುಳಿತಿದ್ದೆ. ಬ್ರಿಟನ್ನಿನ ಹಣದುಬ್ಬರದ ಅಂಕಿಅಂಶ ಇಟ್ಟುಕೊಂಡು, ಮುಂದಿನ ಏರಿಕೆಯ ಅಂದಾಜು ಎಷ್ಟು ತಪ್ಪಬಹುದು ಎಂಬುದನ್ನೇ ಅವರು ಅಳೆದರು. ಎಪ್ಪತ್ತರ ದಶಕದ ಗೊಂದಲದಲ್ಲಿ ಆ ತಪ್ಪಿನ ಹರವು ಬಹಳ ಹಿಗ್ಗಿತ್ತು. 2003ರಲ್ಲಿ ನೊಬೆಲ್ ಬಂತು. ಆ ವಿಧಾನಕ್ಕೆ ಆಮೇಲೆ ಮುಗಿಬಿದ್ದವರು ಷೇರುಪೇಟೆಯವರು, ಅದು ಬೇರೆ ಮಾತು.

ಅಂದಾಜು ಹೀಗೆ ತಪ್ಪುವ ಭಯ ಹೂಡಿಕೆಯನ್ನೂ ತಡೆಯುತ್ತದೆ. ಕಾರ್ಖಾನೆಯನ್ನು ಕಟ್ಟಿದ ಮೇಲೆ ಬಿಚ್ಚಿ ಮಾರಿದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಹಾಗಾಗಿ ಬೆಲೆ, ಬಡ್ಡಿ ಎರಡೂ ಮಸುಕಾಗಿರುವಾಗ ಹೂಡಿಕೆದಾರ ಕಾಯುತ್ತಾನೆ. ನಮ್ಮ ರಿಸರ್ವ್ ಬ್ಯಾಂಕಿಗೆ ಶೇ. 4ರ ಹಣದುಬ್ಬರದ ಗುರಿಯನ್ನು ಬಹಿರಂಗವಾಗಿ ಗೊತ್ತುಮಾಡಿರುವುದಕ್ಕೆ ಈ ಮಸುಕೂ ಒಂದು ಕಾರಣ.

ನಾನೂ ಎರಡು ವರ್ಷದಿಂದ ಮಹಡಿಯ ಮೇಲೊಂದು ಕೋಣೆ ಕಟ್ಟಿಸುವುದನ್ನು ಮುಂದೂಡುತ್ತಿದ್ದೇನೆ. ಬೆಳಿಗ್ಗೆ ಮೇಸ್ತ್ರಿ ಮತ್ತೆ ಫೋನ್ ಮಾಡಿದ್ದರು. “ಸಿಮೆಂಟಿನ ಬೆಲೆ ನೋಡಿಕೊಂಡು ಹೇಳುತ್ತೇನೆ” ಎಂದೆ.